ಕೊಯ್ಲಿನ ತಿಂಗಳು ನೋಡಿ ಇನ್‌ಕ್ಯುಬೇಟರ್‌ಗೆ ಅರ್ಜಿ ಹಾಕಿ

ಕೊಡಗಿನ ಯುವಕ ಯುವತಿಯರು, ಹೊಸ ಉದ್ಯಮಗಳನ್ನು ಬೆಳೆಸುವ ಇನ್‌ಕ್ಯುಬೇಷನ್ ಕೇಂದ್ರಗಳಿಗೆ (ಇನ್‌ಕ್ಯುಬೇಟರ್‌ಗಳಿಗೆ) ಬರೆಯುವ ಅರ್ಜಿಗಳನ್ನು ಓದಿ ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಆಗಾಗ ಬರುತ್ತದೆ. ಒಳ್ಳೆಯ ಯೋಚನೆಗಳು ಮೊದಲ ಸುತ್ತಿನಲ್ಲೇ ಬಿದ್ದುಹೋಗುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಯಂತ್ರ ಚೆನ್ನಾಗಿರುತ್ತದೆ, ಮಾಡಿದವರು ಶ್ರಮಜೀವಿಗಳು, ಆದರೆ ಅರ್ಜಿಯ ತುಂಬ ಇರುವುದು ‘ನಮಗೆ ಹಣ ಬೇಕು’ ಎಂಬ ಒಂದೇ ಮಾತು. ಬರೀ ಹಣ ಬೇಕಿದ್ದರೆ ಬ್ಯಾಂಕಿಗೆ ಹೋಗಿ. ಇನ್‌ಕ್ಯುಬೇಟರ್ ಇರುವುದು, ನೀವು ಮಾಡಿದ್ದು ನಿಜಕ್ಕೂ ಕೆಲಸ ಮಾಡುತ್ತದೆಯೇ, ಅದಕ್ಕೆ ದುಡ್ಡು ಕೊಡುವವರು ಇದ್ದಾರೆಯೇ ಎಂಬುದನ್ನು ಕಡಿಮೆ ಖರ್ಚಿನಲ್ಲಿ ಕಂಡುಕೊಳ್ಳಲು. ಪ್ರಯೋಗಾಲಯ, ಕೂರಲು ಜಾಗ, ವಿಷಯ ಬಲ್ಲ ಮಾರ್ಗದರ್ಶಕರು, ಕಾನೂನು ಮತ್ತು ಲೆಕ್ಕಪತ್ರದ ನೆರವು, ಹೂಡಿಕೆದಾರರ ಪರಿಚಯ ಇವೆಲ್ಲ ಅಲ್ಲಿ ಸಿಗುತ್ತವೆ. 1959ರಲ್ಲಿ ಅಮೆರಿಕದ ಬಟಾವಿಯ ಪಟ್ಟಣದಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದನ್ನು ಸಣ್ಣ ಉದ್ಯಮಗಳಿಗೆ ಹಂಚಿಕೊಟ್ಟಾಗ ಶುರುವಾದ ಪದ್ಧತಿ ಇದು.

ಮೊದಲ ಹೆಜ್ಜೆ: ಸಮಸ್ಯೆಯನ್ನು ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ‘ಕಾಫಿ ಒಣಗಿಸುವ ಸ್ಮಾರ್ಟ್ ಯಂತ್ರ’ ಎಂದು ಬರೆದರೆ ಅದು ಸಮಸ್ಯೆಯಲ್ಲ, ನಿಮ್ಮ ಆಸೆ. ಹೀಗೆ ಬರೆದು ನೋಡಿ: ‘ಐದಾರು ಎಕರೆ ತೋಟದ ಬೆಳೆಗಾರರು ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಂದರೆ ಕಣದಲ್ಲಿ ಹರಡಿದ ಚೆರಿಯನ್ನು (ಕೊಯ್ದ ಕಾಫಿ ಹಣ್ಣನ್ನು) ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತಾರೆ. ಎರಡು ದಿನ ಬಿಸಿಲು ಬಾರದಿದ್ದರೆ ಒಳಗಿನ ಕಾಯಿ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ವ್ಯಾಪಾರಿ ದರ ಇಳಿಸುತ್ತಾನೆ.’ ಯಾರಿಗೆ, ಯಾವಾಗ, ಏನು ನಷ್ಟ ಎಂಬುದು ಈಗ ಕಣ್ಣಿಗೆ ಕಾಣುತ್ತದೆ.

ಇಷ್ಟು ಬರೆದ ಮೇಲೆ ಅದು ನಿಜವೇ ಎಂದು ಕೇಳಲು ಹೊರಡಿ. ಯಂತ್ರವನ್ನು, ಅದರ ಫೋಟೋವನ್ನು ಜೊತೆಗೆ ಒಯ್ಯಬೇಡಿ. ಯಂತ್ರ ನೋಡಿದ ಕೂಡಲೇ ಎದುರಿನವರು ನಿಮ್ಮ ಮನಸ್ಸು ನೋಯಿಸಬಾರದೆಂದು ಹೊಗಳುತ್ತಾರೆ; ಆ ಹೊಗಳಿಕೆಯಿಂದ ಏನೂ ತಿಳಿಯುವುದಿಲ್ಲ. ‘ಇಂಥದ್ದು ಬಂದರೆ ಕೊಳ್ಳುತ್ತೀರಾ?’ ಎಂದು ಕೇಳುವುದೂ ವ್ಯರ್ಥ. ‘ಕಳೆದ ಸಲ ಮಳೆ ಬಂದಾಗ ಏನು ಮಾಡಿದಿರಿ? ಎಷ್ಟು ಚೀಲ ಕೆಟ್ಟಿತು? ದರದಲ್ಲಿ ಎಷ್ಟು ಹೋಯಿತು? ಆಮೇಲೆ ಅದಕ್ಕಾಗಿ ಏನಾದರೂ ಖರ್ಚು ಮಾಡಿದಿರಾ?’ ಎಂದು ಕೇಳಿ. ನಷ್ಟವಾಗಿದ್ದರೂ ಒಂದು ಹೊಸ ಟಾರ್ಪಾಲನ್ನೂ ಕೊಂಡಿಲ್ಲವೆಂದರೆ, ಅವರು ನಿಮ್ಮ ಯಂತ್ರಕ್ಕೂ ಹಣ ಕೊಡುವುದು ಅನುಮಾನ.

ನೆಂಟರನ್ನು ಕೇಳಬೇಡಿ. ಸೋಮವಾರಪೇಟೆ ಕಡೆಯ ಅರೇಬಿಕಾ ಬೆಳೆಗಾರರನ್ನೂ ವಿರಾಜಪೇಟೆ, ಗೋಣಿಕೊಪ್ಪ ಕಡೆಯ ರೊಬಸ್ಟಾ ಬೆಳೆಗಾರರನ್ನೂ ಬೇರೆ ಬೇರೆಯಾಗಿ ಕೇಳಿ. ಹಣ್ಣನ್ನು ಪಲ್ಪರ್‌ಗೆ ಹಾಕಿ, ಸಿಪ್ಪೆ ಸುಲಿದು ಪಾರ್ಚ್‌ಮೆಂಟ್ ಮಾಡುವವರ ಕಷ್ಟ ಬೇರೆ, ಚೆರಿಯಾಗಿಯೇ ಒಣಗಿಸುವವರ ಕಷ್ಟ ಬೇರೆ. ತೋಟದ ಮಾಲೀಕರೊಂದಿಗೆ ಮಾತು ಮುಗಿಸಿ ಬಂದುಬಿಡಬೇಡಿ. ಕಣದಲ್ಲಿ ಕಾಫಿ ಕೆದರುವವರು, ತೋಟದ ಲೆಕ್ಕ ಬರೆಯುವ ರೈಟರ್, ಕೊಳ್ಳುವ ವ್ಯಾಪಾರಿ ಇವರೆಲ್ಲರಿಗೂ ನಿಮ್ಮ ಸಮಸ್ಯೆಯ ಒಂದೊಂದು ತುದಿ ಗೊತ್ತಿರುತ್ತದೆ. ಮಳೆಗಾಲದಲ್ಲಿ ಎಷ್ಟು ಹೊತ್ತು ಕರೆಂಟ್ ಇರುವುದಿಲ್ಲ, ತೋಟದೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂಬುದನ್ನೂ ಬರೆದುಕೊಳ್ಳಿ. ಇಂಟರ್‌ನೆಟ್ ಇಲ್ಲದೆ ನಡೆಯದ ಉಪಕರಣವನ್ನು ಗಾಳಿಬೀಡಿನ ತೋಟಕ್ಕೆ ಮಾರುವ ಮೊದಲು ಇದು ಗೊತ್ತಿರಲೇಬೇಕು. ಹೆಸರು, ಊರು, ಅವರದೇ ಮಾತು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಇಡಿ. ಆಯ್ಕೆ ಸಮಿತಿಯ ಮುಂದೆ ಆ ನೋಟ್‌ಬುಕ್ಕಿಗಿರುವ ಬೆಲೆ ಬಣ್ಣಬಣ್ಣದ ಸ್ಲೈಡುಗಳಿಗಿಲ್ಲ. ಇಂಟರ್‌ನೆಟ್‌ನಿಂದ ಎತ್ತಿದ ‘ಜಾಗತಿಕ ಕಾಫಿ ಮಾರುಕಟ್ಟೆಯ ಗಾತ್ರ’ವನ್ನು ದಯವಿಟ್ಟು ಮೊದಲ ಪುಟದಲ್ಲಿ ಹಾಕಬೇಡಿ.

ಎರಡನೆಯ ಹೆಜ್ಜೆ: ತಿಂಗಳ ಲೆಕ್ಕ

ಸಾಫ್ಟ್‌ವೇರ್ ಮಾಡುವವರು ಯಾವ ವಾರ ಬೇಕಾದರೂ ಪರೀಕ್ಷಿಸಬಹುದು. ನಮಗೆ ಹಾಗಲ್ಲ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಆರಂಭವಾಗುತ್ತದೆ, ರೊಬಸ್ಟಾ ಅದರ ಬೆನ್ನಿಗೆ ಬಂದು ಬೇಸಿಗೆಯ ಬಾಗಿಲಿನವರೆಗೆ ನಡೆಯುತ್ತದೆ. ಹುಳಿಹಣ್ಣಿನ ರಸ ಕುದಿಸಿ ತೆಗೆಯುವ ನಮ್ಮ ಕಾಚಂಪುಳಿ ಮಾಡುವುದು ಮಳೆಗಾಲದಲ್ಲಿ. ಒಂದು ವರ್ಷದ ಇನ್‌ಕ್ಯುಬೇಷನ್‌ಗೆ ಏಪ್ರಿಲ್‌ನಲ್ಲಿ ಸೇರಿದರೆ, ಕೊಯ್ಲು ಶುರುವಾಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಅವಧಿ ಕಳೆದಿರುತ್ತದೆ. ಆ ತಿಂಗಳುಗಳನ್ನು ಮೂಲಮಾದರಿ ಕಟ್ಟಲು ಬಳಸುವುದಾದರೆ ಸರಿ; ಮಾದರಿ ಆಗಲೇ ಸಿದ್ಧವಿದ್ದರೆ ಕೊಯ್ಲಿಗೆ ಸ್ವಲ್ಪ ಮುಂಚೆ ಸೇರುವುದೇ ಮೇಲು.

ಕಂಪನಿ ನೋಂದಣಿಗೂ ಇದೇ ಲೆಕ್ಕ. ಹೊಸ ಕಂಪನಿಗಳಿಗೆ ಆರಂಭದ ಹಣ ಕೊಡಲು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ಸ್ಟಾರ್ಟ್‌ಅಪ್ ಇಂಡಿಯಾ ಬೀಜನಿಧಿ ಯೋಜನೆಯ ನಿಯಮದಂತೆ, ಅರ್ಜಿ ಹಾಕುವಾಗ ಕಂಪನಿಗೆ ಎರಡು ವರ್ಷ ಮೀರಿರಬಾರದು. ಎರಡು ವರ್ಷವೆಂದರೆ ನಮಗೆ ಎರಡೇ ಕೊಯ್ಲು. ಉತ್ಸಾಹದಲ್ಲಿ ಮೊದಲು ಕಂಪನಿ ಮಾಡಿ ಆಮೇಲೆ ಸಮಸ್ಯೆ ಹುಡುಕಲು ಹೊರಟವರು ಆ ಅವಕಾಶವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಮೂಲಮಾದರಿಗೆ 10 ಲಕ್ಷ ರೂಪಾಯಿವರೆಗೆ ಕೊಡುವ ನಿಧಿ-ಪ್ರಯಾಸ್‌ಗೆ ಕಂಪನಿಯಿಲ್ಲದ ವ್ಯಕ್ತಿಯೂ ಅರ್ಜಿ ಹಾಕಬಹುದು. ನನ್ನ ಸಲಹೆ ಖಚಿತ: ಮೊದಲು ಅದು, ಆಮೇಲೆ ಕಂಪನಿ, ಆಮೇಲೆ ಬೀಜನಿಧಿ. ಬೀಜನಿಧಿಯಲ್ಲಿ ಪರೀಕ್ಷೆ, ಮೂಲಮಾದರಿಗೆ 20 ಲಕ್ಷದವರೆಗೆ ಅನುದಾನವಿದೆ. ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಿಗುವುದು ಸಾಲ ಅಥವಾ ಮುಂದೆ ಷೇರಾಗಿ ಬದಲಾಗಬಲ್ಲ ಸಾಲಪತ್ರದ ರೂಪದಲ್ಲಿ. ಅರ್ಜಿಯ ದಿನ ಆಯಾ ಯೋಜನೆ ಇನ್ನೂ ಜಾರಿಯಲ್ಲಿದೆಯೇ ಎಂದು ನೋಡಿ, ಅಂದಿನ ನಿಯಮವನ್ನು ನೀವೇ ಓದಿ.

ಮೂರನೆಯ ಹೆಜ್ಜೆ: ಕೇಂದ್ರದ ಆಯ್ಕೆ

ಹೆಸರಿಗಿಂತ ಉಪಕರಣ ನೋಡಿ. ಕಾಫಿಗೆ ಸಂಬಂಧಿಸಿದ ಕೆಲಸವಾದರೆ ಕಾಫಿ ಮಂಡಳಿಯದೇ ಅಟಲ್ ಇನ್‌ಕ್ಯುಬೇಷನ್ ಕೇಂದ್ರವಿದೆ. ಅದರ ಬೆನ್ನಿಗಿರುವುದು ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಕಾಚಂಪುಳಿ, ಜೇನು, ಕಿತ್ತಳೆಯಂಥ ಆಹಾರ ಪದಾರ್ಥವಾದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡೆ ನೋಡಿ. ಕೆಡದಂತೆ ಎಷ್ಟು ದಿನ ಉಳಿಯುತ್ತದೆ ಎಂಬ ಪರೀಕ್ಷೆಯನ್ನು ಮನೆಯ ಅಡುಗೆಕೋಣೆಯಲ್ಲಿ ಮಾಡಲಾಗದು. ತೋಟಗಾರಿಕೆ ಬೆಳೆಗಳಿಗೆ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಲ್ಲಿ ಇನ್‌ಕ್ಯುಬೇಟರ್ ಇದೆ. ಅದೇ ಸಂಸ್ಥೆಯ ಪ್ರಯೋಗ ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೇ ಇರುವುದರಿಂದ ಮೊದಲ ಮಾತುಕತೆಯನ್ನು ಅಲ್ಲಿಂದ ಆರಂಭಿಸಬಹುದು. ಯಾವ ಇನ್‌ಕ್ಯುಬೇಟರ್‌ಗೆ ಹೋಗುವ ಮೊದಲೂ ಅಲ್ಲಿ ಅವಧಿ ಮುಗಿಸಿ ಹೊರಬಂದ ಇಬ್ಬರೊಂದಿಗಾದರೂ ಫೋನಿನಲ್ಲಿ ಮಾತನಾಡಿ.

ಪ್ಯಾನ್, ಬ್ಯಾಂಕ್ ಖಾತೆ, ನೋಂದಣಿ, ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ: ಇವು ಒಬ್ಬ ಲೆಕ್ಕಪರಿಶೋಧಕರು ಮಾಡಿಕೊಡುವ ಕೆಲಸ. ಸ್ಟಾರ್ಟ್‌ಅಪ್ ಮಾನ್ಯತೆಯ ಅರ್ಜಿಗೆ ಸರ್ಕಾರಿ ಶುಲ್ಕವೇ ಇಲ್ಲ. ‘ಅನುದಾನ ಮಂಜೂರು ಮಾಡಿಸಿಕೊಡುತ್ತೇವೆ, ಶೇಕಡಾ ಇಷ್ಟು ಕೊಡಿ’ ಎನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಅವರು ಮಾರುವ ಸಿದ್ಧ ಯೋಜನಾ ವರದಿಗಳು ಒಂದೇ ಅಚ್ಚಿನವು, ಅರ್ಜಿ ಓದುವವರಿಗೆ ಎರಡನೇ ಸಾಲಿನಲ್ಲೇ ತಿಳಿದುಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ಹಣದ ಕಂತು

ಅನುದಾನ ಒಮ್ಮೆಗೇ ಬರುವುದಿಲ್ಲ. ಹೇಳಿದ ಕೆಲಸ ಮುಗಿದಂತೆ ಕಂತಾಗಿ ಬರುತ್ತದೆ. ಆದ್ದರಿಂದ ‘ಉತ್ಪನ್ನ ಅಭಿವೃದ್ಧಿ’ ಎಂದು ಮಸುಕಾಗಿ ಬರೆಯಬೇಡಿ. ‘ಜನವರಿ ಕೊನೆಯೊಳಗೆ ಮೂರು ಕಣಗಳಲ್ಲಿ ಚೆರಿ ಒಣಗಿಸಿ, ಪ್ರತಿದಿನದ ತೇವಾಂಶ ದಾಖಲೆ ಒಪ್ಪಿಸುವುದು’ ಎಂದು ಬರೆಯಿರಿ. ಮಾಡಲಾಗುವಷ್ಟನ್ನೇ ಬರೆಯಿರಿ.

ಹೊಸ ಆವಿಷ್ಕಾರವಾದರೆ, ಮೇಳಗಳಲ್ಲಿ ಪ್ರದರ್ಶಿಸುವ ಮೊದಲೇ ಪೇಟೆಂಟ್‌ಗೆ ತಾತ್ಕಾಲಿಕ ಅರ್ಜಿ ಹಾಕಿ. ಪೂರ್ಣ ಅರ್ಜಿಗೆ ಅಲ್ಲಿಂದ 12 ತಿಂಗಳು ಸಮಯವಿರುತ್ತದೆ.

ಕೊನೆಯ ಹೆಜ್ಜೆ: ಒಪ್ಪಂದ

ಕೆಲವು ಕೇಂದ್ರಗಳು ನೆರವಿಗೆ ಬದಲಾಗಿ ಕಂಪನಿಯ ಸ್ವಲ್ಪ ಷೇರು ಕೇಳುತ್ತವೆ. ಅದರಲ್ಲಿ ತಪ್ಪಿಲ್ಲ, ಆದರೆ ಎಷ್ಟು, ಯಾವುದಕ್ಕೆ ಎಂದು ಲಿಖಿತವಾಗಿರಲಿ. ಅನುದಾನದಲ್ಲಿ ಕೊಂಡ ಯಂತ್ರ ಅವಧಿ ಮುಗಿದ ಮೇಲೆ ಯಾರದು, ಪೇಟೆಂಟ್ ಯಾರ ಹೆಸರಿನಲ್ಲಿರುತ್ತದೆ, ಜೊತೆಗಾರರೊಬ್ಬರು ನಡುವೆ ಬಿಟ್ಟುಹೋದರೆ ಅವರ ಷೇರು ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಒಪ್ಪಂದದಲ್ಲಿ ಉತ್ತರ ಹುಡುಕಿ. ಸಿಗದಿದ್ದರೆ ಸೇರಿಸಲು ಕೇಳಿ. ಪ್ರತಿಯನ್ನು ಮನೆಗೆ ತಂದು, ಕಂಪನಿ ಕಾನೂನು ಬಲ್ಲ ವಕೀಲರಿಗೆ ತೋರಿಸಿದ ಮೇಲೆಯೇ ಸಹಿ ಮಾಡಿ.