ಸಣ್ಣ ಊರಿನ ಎಎಂ ಕ್ರೀಡಾ ರೇಡಿಯೋ: ಕೊಳ್ಳುವ ಮುಂಚೆ ನಾನು ನೋಡುವುದು

ಅಮೆರಿಕದ ಸಣ್ಣ ಊರಿನಲ್ಲಿ ಎಎಂ ಸ್ಟೇಷನ್ ಮಾರಾಟಕ್ಕಿದೆ ಅಂದರೆ ನಾನು ಲೆಕ್ಕದ ಪುಸ್ತಕ ತೆರೆಯುವ ಮೊದಲು ಟವರಿನ ಬುಡಕ್ಕೆ ಹೋಗುತ್ತೇನೆ. ಎಎಂನಲ್ಲಿ ಟವರೇ ಆಂಟೆನಾ, ಅದರ ಇನ್ನರ್ಧ ಮಣ್ಣಿನಡಿ ಇರುತ್ತದೆ. 1400 ಕಿಲೋಹರ್ಟ್ಸ್‌ಗೆ ತರಂಗದ ಉದ್ದ 214 ಮೀಟರ್, ಅದರ ಕಾಲು ಭಾಗ 53 ಮೀಟರ್ ಚಿಲ್ಲರೆ. ಮಾಮೂಲಿ ಲೆಕ್ಕ ಅಂದರೆ ಟವರ್ ಅಷ್ಟೆತ್ತರ, ಬುಡದಿಂದ ಸುತ್ತಲೂ ಅಷ್ಟೇ ಉದ್ದದ 120 ತಾಮ್ರದ ತಂತಿ. ಒಟ್ಟು ಆರು ಕಿಲೋಮೀಟರಿಗೂ ಹೆಚ್ಚು. ತಾಮ್ರದ ಬೆಲೆ ಕಳ್ಳರಿಗೂ ಗೊತ್ತು.

ಬುಡದಲ್ಲಿ ತಂತಿಗಳೆಲ್ಲ ಕೂಡುವ ಪಟ್ಟಿಯ ಮೇಲಿನ ಮಣ್ಣು ಸರಿಸಿ ಒಂದೊಂದನ್ನೂ ಎಳೆದು ನೋಡಿ. ಬೆಳ್ಳಿ ಬೆಸುಗೆ ಹಾಕಿದ್ದು ಗಟ್ಟಿಯಾಗಿ ನಿಂತಿರುತ್ತದೆ. ಸಾದಾ ಸೀಸದ ಬೆಸುಗೆಯಾಗಿದ್ದರೆ ಬೂದಿಯಂತೆ ಉದುರಿ ತಂತಿ ಕೈಗೇ ಬರುತ್ತದೆ. ಆಮೇಲೆ ಟವರಿಗೆ ಹರಿಯುವ ಕರೆಂಟು ತೋರಿಸುವ ಮೀಟರ್. ಪರವಾನಗಿಯಲ್ಲಿ 1000 ವ್ಯಾಟ್, ಬುಡದ ರೆಸಿಸ್ಟೆನ್ಸ್ 40 ಓಮ್ ಎಂದಿದ್ದರೆ ಮುಳ್ಳು 5 ಆಂಪಿಯರ್‌ನಲ್ಲಿ ನಿಲ್ಲಬೇಕು. ಶಕ್ತಿ ಶೇ. 90ರಿಂದ 105ರ ಒಳಗಿರಬೇಕಾದ್ದರಿಂದ 4.74ರಿಂದ 5.12ರವರೆಗೆ ನಡೆಯುತ್ತದೆ. ಮಾತು ಹೋಗುತ್ತಿರುವಾಗ ಮುಳ್ಳು ಏರುವುದರಿಂದ ಧ್ವನಿ ನಿಲ್ಲಿಸಿಯೇ ಓದಬೇಕು. ತಂತಿ ಕಡಿದ ಜಾಗದಲ್ಲಿ ನೆಲದ ರೆಸಿಸ್ಟೆನ್ಸ್ ಸೇರಿಕೊಳ್ಳುತ್ತದೆ, ಕರೆಂಟು ಇಳಿಯುತ್ತದೆ. ಆಗ ಟ್ರಾನ್ಸ್‌ಮಿಟರ್ ಏರಿಸಿ ಮುಳ್ಳು ಸರಿಮಾಡುವವರಿದ್ದಾರೆ. ಏರಿಸಿದ್ದೆಲ್ಲ ಮಣ್ಣು ಕಾಯಿಸುವುದಕ್ಕೇ ಹೋಗುತ್ತದೆ, ಕೇಳುಗರಿಗೆ ಏನೂ ಸಿಗುವುದಿಲ್ಲ.

ನಿಜವಾದ ತೊಡಕು ರಾತ್ರಿಯದು. 1230, 1240, 1340, 1400, 1450, 1490 ಈ ಆರು ಚಾನಲ್‌ಗಳಲ್ಲಿ ದೇಶದ ತುಂಬ ಸಣ್ಣ ಸ್ಟೇಷನ್‌ಗಳು ಕಿಕ್ಕಿರಿದಿವೆ. ಹಗಲು ಪಕ್ಕದ ತಾಲ್ಲೂಕಿನಷ್ಟು ದೂರ ಕೇಳುವ ಸ್ಟೇಷನ್ನು, ಕತ್ತಲಾಗುತ್ತಲೇ ದೂರದವುಗಳ ಗದ್ದಲದಲ್ಲಿ ಊರಾಚೆಗೆ ಕೇಳದಾಗುತ್ತದೆ. ಕ್ರೀಡಾ ಸ್ಟೇಷನ್ನಿಗೆ ದುಡ್ಡು ತರುವ ಹೈಸ್ಕೂಲ್ ಫುಟ್‌ಬಾಲ್ ನಡೆಯುವುದೋ ಶುಕ್ರವಾರ ರಾತ್ರಿ! ನೆಟ್‌ವರ್ಕ್ ಕಾರ್ಯಕ್ರಮ ಎಲ್ಲಿಯಾದರೂ ಸಿಗುತ್ತದೆ. ಊರಿನ ಟ್ರ್ಯಾಕ್ಟರ್ ಅಂಗಡಿಯವರು ಜಾಹೀರಾತು ಕೊಡುವುದು ತಮ್ಮೂರ ಹುಡುಗರ ಆಟಕ್ಕೆ.

ಹಾಗಾಗಿ 250 ವ್ಯಾಟಿನ ಎಫ್‌ಎಂ ಟ್ರಾನ್ಸ್‌ಲೇಟರ್, ಅಂದರೆ ಎಎಂ ಕಾರ್ಯಕ್ರಮವನ್ನೇ ಎಫ್‌ಎಂನಲ್ಲಿ ಮರುಪ್ರಸಾರ ಮಾಡುವ ಸಣ್ಣ ಟ್ರಾನ್ಸ್‌ಮಿಟರ್, ಇಲ್ಲದೆ ಈ ವ್ಯಾಪಾರ ನಾನು ಒಪ್ಪುವುದಿಲ್ಲ. ಅದು ಯಾರ ಹೆಸರಿನಲ್ಲಿದೆ, ಬಾಡಿಗೆಯದೋ ಸ್ವಂತದ್ದೋ ಕೇಳಿ, ಕರಾರಿನಲ್ಲಿ ಅದರ ಕರೆಸಂಕೇತವನ್ನೂ ಬರೆಸಿ. ಎಎಂ ಮುಚ್ಚಿ ಬರೀ ಎಫ್‌ಎಂ ಓಡಿಸುವ ಯೋಚನೆ ಬೇಡ, ನಿಯಮ ಬಿಡುವುದಿಲ್ಲ. ಎಎಂ ಸತತ 12 ತಿಂಗಳು ಮೌನವಾಗಿದ್ದರೆ ಪರವಾನಗಿ ತಾನಾಗಿಯೇ ಸತ್ತುಹೋಗುತ್ತದೆ.

ಮಾಲೀಕತ್ವದ ವಿಷಯಕ್ಕೆ ಬಂದರೆ, ಅಮೆರಿಕದ ಸಂವಹನ ನಿಯಂತ್ರಣ ಆಯೋಗವಾದ ಎಫ್‌ಸಿಸಿಯ ಒಪ್ಪಿಗೆ ಇಲ್ಲದೆ ಪರವಾನಗಿ ಕೈ ಬದಲಾಗುವುದಿಲ್ಲ. ಅರ್ಜಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ. ಒಪ್ಪಿಗೆ ಸಿಕ್ಕ ಮೇಲೆ 90 ದಿನದೊಳಗೆ ವ್ಯವಹಾರ ಮುಗಿಸಬೇಕು. ಈ ನಡುವೆ ಕೊಳ್ಳುವವರು ಸ್ಟುಡಿಯೋಗೆ ಬಂದು ಕೆಲಸಗಾರರನ್ನು ಬದಲಿಸುವುದು, ಕಾರ್ಯಕ್ರಮ ತೀರ್ಮಾನಿಸುವುದು ಮಾಡಿದರೆ ಅದು ಅನಧಿಕೃತ ಹಸ್ತಾಂತರ.

ಅಲ್ಲಿರುವ ನಮ್ಮ ಕನ್ನಡದವರು ಒಂದು ಮಾತು ಗಮನಿಸಬೇಕು: ಗ್ರೀನ್ ಕಾರ್ಡ್ ಇದ್ದರೂ ಈ ಕಾನೂನಿನಲ್ಲಿ ನೀವು ಹೊರಗಿನವರೇ. ಪ್ರಜೆಯಲ್ಲದವರು ಪರವಾನಗಿ ನೇರವಾಗಿ ಹಿಡಿಯುವಂತಿಲ್ಲ. ಪರವಾನಗಿ ಹಿಡಿದ ಕಂಪನಿಯಲ್ಲಿ ಹೊರಗಿನವರ ನೇರ ಪಾಲಿಗೆ ಶೇ. 20, ಅದರ ಮೇಲಿನ ಕಂಪನಿಯಲ್ಲಿ ಶೇ. 25 ಮಿತಿ. ಇದರಲ್ಲಿ 25 ದಾಟಬೇಕೆಂದರೆ ಎಫ್‌ಸಿಸಿಯಿಂದ ಪ್ರತ್ಯೇಕ ಅನುಮತಿ ಬೇಕು. ಬೆಂಗಳೂರಿನ ಭಾವನ ದುಡ್ಡನ್ನು ಪಾಲಿನ ಬಂಡವಾಳವಾಗಿ ಹಾಕಿಸಿಕೊಳ್ಳುವ ಮೊದಲು ವಕೀಲರಿಗೆ ಹೇಳಿ.

ಸಹಿ ಹಾಕುವ ಹಿಂದಿನ ದಿನ ಸ್ಟೇಷನ್ನಿನ ಆನ್‌ಲೈನ್ ಸಾರ್ವಜನಿಕ ಕಡತ ತೆರೆದು ನೋಡಿ. ಮೂರು ತಿಂಗಳಿಗೊಮ್ಮೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 10ರೊಳಗೆ, ಊರಿನ ಸಮಸ್ಯೆಗಳ ಬಗ್ಗೆ ಏನು ಪ್ರಸಾರ ಮಾಡಿದರೆಂಬ ಪಟ್ಟಿ ಅಲ್ಲಿ ಏರಿರಬೇಕು. ಬರೀ ಕ್ರೀಡೆ ಅಂದುಕೊಂಡು ಇದನ್ನು ಬಿಟ್ಟವರು ಎಂಟು ವರ್ಷಕ್ಕೊಮ್ಮೆ ಬರುವ ನವೀಕರಣದಲ್ಲಿ ಸಿಕ್ಕಿಬೀಳುತ್ತಾರೆ. ಪಟ್ಟಿ ಖಾಲಿ ಇದ್ದರೆ, ದಂಡ ಬಿದ್ದಾಗ ಮಾರುವವರೇ ತುಂಬಬೇಕೆಂದು ಕರಾರಿನಲ್ಲಿ ಸೇರಿಸಿ, ಅದಕ್ಕಾಗಿ ಬೆಲೆಯ ಒಂದಷ್ಟನ್ನು ತಡೆಹಿಡಿಯಿರಿ.