ಒಪೆರಾ ಕೇಕ್: ಏಳು ಪದರ, ಮೂರು ಸೆಂಟಿಮೀಟರ್ ಎತ್ತರ

ಫ್ರೆಂಚ್ ಚಾಕೊಲೇಟ್ ಕೇಕ್‌ಗಳಲ್ಲಿ ಮನೆಯಲ್ಲಿ ಒಮ್ಮೆಯಾದರೂ ಮಾಡಬೇಕಾದದ್ದು ಯಾವುದೆಂದು ಯಾರು ಕೇಳಿದರೂ ನಾನು ಒಪೆರಾ ಕೇಕ್ ಎಂದೇ ಹೇಳುತ್ತೇನೆ. ಬಾದಾಮಿಯ ತೆಳು ಸ್ಪಂಜು ಮೂರು, ಕಾಫಿ ಬಟರ್‌ಕ್ರೀಮ್ ಎರಡು, ನಡುವೆ ಚಾಕೊಲೇಟ್-ಕ್ರೀಮ್ ಬೆರೆಸಿದ ಗನಾಶ್ ಒಂದು, ಮೇಲೆ ಹೊಳೆಯುವ ಚಾಕೊಲೇಟ್ ಹೊದಿಕೆ. ಒಟ್ಟು ಏಳು ಪದರ. ಎತ್ತರ ಮಾತ್ರ ಮೂರು ಸೆಂಟಿಮೀಟರಿನ ಆಚೀಚೆ. 1955ರಲ್ಲಿ ಪ್ಯಾರಿಸ್‌ನ ದಲ್ವಾಯೊ ಮಳಿಗೆಯಲ್ಲಿ ಸಿರಿಯಾಕ್ ಗವಿಯೋಂ ಇದನ್ನು ರೂಪಿಸಿದರೆಂಬುದು ಹೆಚ್ಚಾಗಿ ಕೇಳಿಬರುವ ಮಾತು. ಇನ್ನೊಬ್ಬ ಫ್ರೆಂಚ್ ಕೇಕ್ ತಯಾರಕ ಗಾಸ್ತೋಂ ಲೆನೋತ್ರ್ ಅವರ ಹೆಸರನ್ನು ಹೇಳುವವರೂ ಇದ್ದಾರೆ. ಯಾರದೇ ಕೈಚಳಕವಾಗಿರಲಿ, ಇದರ ಮರ್ಮ ಒಂದೇ: ಕಣ್ಣಿಗೆ ಏಳು ಗೆರೆ ಬೇರೆಬೇರೆಯಾಗಿ ಕಾಣಬೇಕು, ಬಾಯಿಗೆ ಏಳೂ ಒಂದೇ ತುತ್ತಿನಲ್ಲಿ ಸಿಗಬೇಕು. ಯಾವ ಪದರವೂ ಪಕ್ಕದ್ದನ್ನು ತುಳಿಯಬಾರದು. ಹಾಗಾಗಿ ಕಪ್ಪು-ಚಮಚದ ಅಳತೆ ಇಲ್ಲಿ ಸಾಲದು. ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು.

ಕೆಲಸವನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ಮೊದಲ ದಿನ ಸಂಜೆ ಸ್ಪಂಜು ಮತ್ತು ಪಾಕ, ಮರುದಿನ ಉಳಿದದ್ದು. ಓವನ್ನಿನ ಪಾಲು ಎಂಟು ನಿಮಿಷ ಮಾತ್ರ, ಫ್ರಿಜ್ಜಿನ ಪಾಲು ಗಂಟೆಗಟ್ಟಲೆ. ಚಾಕೊಲೇಟ್ ಶೇ 60ರಿಂದ 65ರಷ್ಟು ಕೋಕೋ ಇರುವಂಥದ್ದಾಗಿರಲಿ. ಕೋಕೋ ಬೆಣ್ಣೆಯ ಬದಲು ಬೇರೆ ಎಣ್ಣೆ ಸೇರಿಸಿದ ಕಾಂಪೌಂಡ್ ಚಾಕೊಲೇಟ್ ಬೇಡ. ಅದರ ಜಿಡ್ಡು ನಾಲಿಗೆಗೆ ಅಂಟಿಕೊಂಡು ಕಾಫಿಯ ಪರಿಮಳವನ್ನೇ ಮರೆಸಿಬಿಡುತ್ತದೆ. ಬೆಣ್ಣೆ ಉಪ್ಪಿಲ್ಲದ್ದು. ಕಾಫಿ, ಚಿಕೋರಿ ಬೆರೆಸದ ಇನ್‌ಸ್ಟಂಟ್ ಪುಡಿ.

ಮೊದಲು ಸ್ಪಂಜು. ಫ್ರೆಂಚರು ಇದನ್ನು ಜೊಕೋಂದ್ ಎನ್ನುತ್ತಾರೆ. 30 x 40 ಸೆಂಟಿಮೀಟರಿನ ಒಂದು ಟ್ರೇಗೆ ಬೇಕಾದದ್ದು: ಬಾದಾಮಿ ಪುಡಿ 110 ಗ್ರಾಂ, ಐಸಿಂಗ್ ಸಕ್ಕರೆ 110 ಗ್ರಾಂ, ಇಡೀ ಮೊಟ್ಟೆ 3, ಮೈದಾ 35 ಗ್ರಾಂ, ಮೊಟ್ಟೆಯ ಬಿಳಿ 3, ಸಕ್ಕರೆ 15 ಗ್ರಾಂ, ಕರಗಿಸಿದ ಬೆಣ್ಣೆ 20 ಗ್ರಾಂ. ಓವನ್ನನ್ನು 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಬಿಡಿ, ಟ್ರೇಗೆ ಬೇಕಿಂಗ್ ಪೇಪರ್ ಹಾಸಿ ಬೆಣ್ಣೆ ಸವರಿ. ಬಾದಾಮಿ ಪುಡಿ, ಐಸಿಂಗ್ ಸಕ್ಕರೆಗಳನ್ನು ಜರಡಿ ಹಿಡಿದು, ಇಡೀ ಮೊಟ್ಟೆಗಳೊಂದಿಗೆ ಬೀಟರ್‌ನಲ್ಲಿ ಎಂಟು ನಿಮಿಷ ಹೊಡೆಯಿರಿ. ಬಣ್ಣ ತಿಳಿಯಾಗಿ ಮಿಶ್ರಣ ಉಬ್ಬಿದಾಗ ಮೈದಾ ಸೇರಿಸಿ ಹಗುರವಾಗಿ ಮಗುಚಿ. ಬೇರೊಂದು ಪಾತ್ರೆಯಲ್ಲಿ, ಚೂರೂ ಜಿಡ್ಡಿಲ್ಲದ ಪಾತ್ರೆಯಾಗಿರಲಿ, ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಂದಿಗೆ ನೊರೆಯೇಳಿಸಿ. ಬೀಟರ್ ಎತ್ತಿದಾಗ ನೊರೆಯ ತುದಿ ನಿಂತು ಸ್ವಲ್ಪ ಬಾಗಬೇಕು. ತೀರ ಗಟ್ಟಿಯಾದರೆ ಮಗುಚುವಾಗ ಗಂಟುಗಂಟಾಗಿ ಉಳಿಯುತ್ತದೆ, ಅದನ್ನು ಒಡೆಯಲು ಹೋಗಿ ಗಾಳಿಯನ್ನೆಲ್ಲ ಕಳೆದುಕೊಳ್ಳುತ್ತೀರಿ. ನೊರೆಯನ್ನು ಮೂರು ಸಲಕ್ಕೆ ಹಿಟ್ಟಿಗೆ ಸೇರಿಸಿ. ಕೊನೆಗೆ ಬೆಣ್ಣೆಗೆ ಒಂದು ಸೌಟು ಹಿಟ್ಟು ಬೆರೆಸಿ ತೆಳುವಾಗಿಸಿಕೊಂಡು, ಅದನ್ನು ಉಳಿದ ಹಿಟ್ಟಿಗೆ ಹಾಕಿ. ನೇರವಾಗಿ ಸುರಿದ ಬೆಣ್ಣೆ ತಳಕ್ಕೆ ಇಳಿದು ಕೂರುತ್ತದೆ.

ಹರಡುವ ಕೆಲಸಕ್ಕೆ ಆತುರ ಬೇಡ. ಪ್ಯಾಲೆಟ್ ನೈಫನ್ನು, ಅಂದರೆ ಹರಡಲು ಬಳಸುವ ಮೊಂಡು ಅಂಚಿನ ಚಪ್ಪಟೆ ಚಾಕುವನ್ನು, ಹೆಚ್ಚುಕಡಿಮೆ ಮಲಗಿಸಿ ಹಿಡಿದು ನಡುವಿನಿಂದ ಮೂಲೆಗಳ ಕಡೆಗೆ ಹಿಟ್ಟನ್ನು ತಳ್ಳಿ. ನಡು ದಪ್ಪ, ಮೂಲೆ ತೆಳು ಆಗುವುದು ಇದರ ಸ್ವಭಾವ. ನಾನು ಟ್ರೇಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ನೋಡುತ್ತೇನೆ. ಉಬ್ಬುತಗ್ಗುಗಳ ನೆರಳು ಸ್ಪಷ್ಟವಾಗಿ ಬೀಳುತ್ತದೆ. ಮೂಲೆಗಳಿಗೆ ಒಂದೊಂದು ಚಮಚ ಹಿಟ್ಟು ಹೆಚ್ಚೇ ಇರಲಿ. 7ರಿಂದ 8 ನಿಮಿಷ ಬೇಯಿಸಿ. ಐದನೆಯ ನಿಮಿಷಕ್ಕೆ ಟ್ರೇಯ ಹಿಂದುಮುಂದು ಬದಲಿಸಿ, ಏಕೆಂದರೆ ಮನೆಯ ಓವನ್‌ಗಳು ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ. ಮೇಲ್ಮೈ ತಿಳಿ ಹೊಂಬಣ್ಣಕ್ಕೆ ಬಂದು, ಬೆರಳಿನಿಂದ ಒತ್ತಿದ ಗುಳಿ ತಾನೇ ಮೇಲೆದ್ದರೆ ಆಯಿತು. ಇನ್ನೊಂದು ನಿಮಿಷ ಎಂದು ಬಿಟ್ಟರೆ ಸ್ಪಂಜು ಒಣಗಿ, ಕತ್ತರಿಸುವಾಗ ಸೀಳುತ್ತದೆ. ಮತ್ತೊಂದು ಪೇಪರಿನ ಮೇಲೆ ಮಗುಚಿ, ಬೆಂದ ಪೇಪರನ್ನು ನಿಧಾನವಾಗಿ ಸುಲಿದು, ಅದನ್ನೇ ಮೇಲೆ ಸಡಿಲವಾಗಿ ಹೊದಿಸಿ ಆರಲು ಬಿಡಿ. ತಣ್ಣಗಾದ ಮೇಲೆ 30 x 13 ಸೆಂಟಿಮೀಟರಿನ ಮೂರು ಪಟ್ಟಿ ಕತ್ತರಿಸಿಕೊಳ್ಳಿ.

ಪಾಕಕ್ಕೆ 120 ಮಿಲಿಲೀಟರ್ ನೀರು, 60 ಗ್ರಾಂ ಸಕ್ಕರೆ. ಒಂದು ಕುದಿ ಬಂದೊಡನೆ ಇಳಿಸಿ 8 ಗ್ರಾಂ ಕಾಫಿ ಪುಡಿ ಕದಡಿ. ಅಷ್ಟೇ.

ಬಟರ್‌ಕ್ರೀಮ್‌ನಲ್ಲಿ ಮಾತ್ರ ಮನಸ್ಸಿಟ್ಟು ನಿಲ್ಲಬೇಕು. ಸಕ್ಕರೆ 100 ಗ್ರಾಂ, ನೀರು 30 ಮಿಲಿಲೀಟರ್, ಮೊಟ್ಟೆ 1, ಹೆಚ್ಚುವರಿ ಹಳದಿ 1, ಮೆತ್ತಗಾದ ಬೆಣ್ಣೆ 140 ಗ್ರಾಂ, ಎರಡು ಚಮಚ ಬಿಸಿನೀರಿನಲ್ಲಿ ಕರಗಿಸಿದ 6 ಗ್ರಾಂ ಕಾಫಿ ಪುಡಿ. ಸಕ್ಕರೆ-ನೀರನ್ನು 118 ಡಿಗ್ರಿಯವರೆಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡಿ: ಎಳೆಪಾಕ ದಾಟಿ, ಬೆರಳುಗಳ ನಡುವೆ ಮೆತ್ತನೆಯ ಉಂಡೆಯಾಗುವ ಹದ ಅದು. ಅಷ್ಟರಲ್ಲಿ ಮೊಟ್ಟೆ ಮತ್ತು ಹಳದಿಯನ್ನು ನೊರೆ ಬರುವಂತೆ ಹೊಡೆದಿಟ್ಟಿರಬೇಕು. ಬೀಟರ್ ತಿರುಗುತ್ತಿರುವಾಗಲೇ ಪಾಕವನ್ನು ಪಾತ್ರೆಯ ಅಂಚಿನಿಂದ ಸಣ್ಣ ಧಾರೆಯಾಗಿ ಇಳಿಸಿ. ಬೀಟರಿನ ಕಡ್ಡಿಗಳ ಮೇಲೆ ಸುರಿದರೆ ಪಾಕ ಚಿಮ್ಮಿ ಗೋಡೆಗಂಟಿ ಗಟ್ಟಿಯಾಗುತ್ತದೆ. ಮಿಶ್ರಣ ದಪ್ಪಗಾಗಿ, ಪಾತ್ರೆಯ ತಳ ಮುಟ್ಟಿದರೆ ಕೈಗೆ ಬಿಸಿ ತಾಗದಷ್ಟು ಆರುವವರೆಗೆ ಹೊಡೆಯುತ್ತಲೇ ಇರಿ. ಆಮೇಲಷ್ಟೇ ಬೆಣ್ಣೆಯನ್ನು ಚಮಚ ಚಮಚವಾಗಿ ಸೇರಿಸಿ, ಕೊನೆಗೆ ಕಾಫಿ.

ನಡುವೆ ಅದು ಒಡೆದಂತೆ ಕಂಡರೆ ಗಾಬರಿಯಾಗಬೇಡಿ, ಚೆಲ್ಲಲೂ ಬೇಡಿ. ನೀರಾಗಿ ಹರಿಯುತ್ತಿದ್ದರೆ ಅದಕ್ಕೆ ಬಿಸಿ ಹೆಚ್ಚಾಗಿದೆ, ಪಾತ್ರೆಯನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಮತ್ತೆ ಹೊಡೆಯಿರಿ. ಕಾಳುಕಾಳಾಗಿ ಬೇರ್ಪಟ್ಟಿದ್ದರೆ ತಣ್ಣಗಾಗಿದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಾತ್ರೆಯ ಹೊರಗೆ ಸುತ್ತಿ ಹೊಡೆದರೆ ಕಣ್ಣೆದುರೇ ರೇಷ್ಮೆಯಂತೆ ಕೂಡಿಕೊಳ್ಳುತ್ತದೆ. ಆ ಗಳಿಗೆಯನ್ನು ನೋಡುವುದು ನನಗೆ ಈ ಕೇಕ್‌ನ ಅತಿ ದೊಡ್ಡ ಸಂತೋಷಗಳಲ್ಲಿ ಒಂದು.

ಗನಾಶ್‌ಗೆ 110 ಗ್ರಾಂ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ. 90 ಮಿಲಿಲೀಟರ್ ಕ್ರೀಮನ್ನು ಕುದಿಯುವ ಹಂತಕ್ಕೆ ತಂದು ಅದರ ಮೇಲೆ ಸುರಿದು, ಒಂದು ನಿಮಿಷ ಸುಮ್ಮನೆ ಬಿಟ್ಟು, ನಡುವಿನಿಂದ ಕಲಕುತ್ತಾ ಬನ್ನಿ. 15 ಗ್ರಾಂ ಬೆಣ್ಣೆ ಸೇರಿಸಿ, ಹರಡಲು ಬರುವಷ್ಟು ಗಟ್ಟಿಯಾಗಲು ಹೊರಗೇ ಇಡಿ.

ಇನ್ನು ಜೋಡಣೆ. ಮೊದಲ ಪಟ್ಟಿಯ ಒಂದು ಬದಿಗೆ ಕರಗಿದ ಚಾಕೊಲೇಟನ್ನು ತೆಳುವಾಗಿ ಬಳಿದು ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ, ಆ ಬದಿ ಕೆಳಗಾಗುವಂತೆ ಹಲಗೆಯ ಮೇಲಿಡಿ. ಕೇಕ್ ಹಲಗೆಗೆ ಅಂಟುವುದಿಲ್ಲ, ಪಾಕ ಸೋರುವುದೂ ಇಲ್ಲ. ಮೇಲ್ಬದಿಗೆ ಬ್ರಷ್ಷಿನಿಂದ ಪಾಕ ಕುಡಿಸಿ. ಒತ್ತಿದರೆ ತೇವ ಕಾಣಬೇಕು, ನೀರು ಹೊರಗೆ ಬರಬಾರದು. ಬಟರ್‌ಕ್ರೀಮನ್ನು ತೂಗಿ, ಐದರಲ್ಲಿ ಮೂರು ಪಾಲನ್ನು ಇಲ್ಲಿ ಹರಡಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಎರಡನೆಯ ಪಟ್ಟಿ, ಪಾಕ, ಗನಾಶ್. ಮತ್ತೆ ಅರ್ಧ ಗಂಟೆ. ಮೂರನೆಯ ಪಟ್ಟಿ, ಪಾಕ, ಉಳಿದ ಬಟರ್‌ಕ್ರೀಮ್. ಈ ಕೊನೆಯ ಪದರವನ್ನು ಉದ್ದನೆಯ ಸ್ಕೇಲಿನಿಂದ ಒಂದೇ ಎಳೆತಕ್ಕೆ ಸಮ ಮಾಡಿ, ಕನಿಷ್ಠ ಎರಡು ಗಂಟೆ ತಣಿಸಿ. ಹೊದಿಕೆಯ ಹೊಳಪೆಲ್ಲ ಇದರ ನುಣುಪಿನ ಮೇಲೆ ನಿಂತಿದೆ. ಪದರಪದರಕ್ಕೂ ಫ್ರಿಜ್ಜೇಕೆ ಎಂದರೆ, ಕೆಳಗಿನದು ಮೆತ್ತಗಿದ್ದಾಗ ಮೇಲಿನದನ್ನು ಒತ್ತಿದರೆ ಗೆರೆ ಡೊಂಕಾಗುತ್ತದೆ, ಆಮೇಲೆ ಅದನ್ನು ಸರಿಪಡಿಸುವ ದಾರಿಯಿಲ್ಲ.

ಹೊದಿಕೆಗೆ 70 ಗ್ರಾಂ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ನೊರೆ ತೆಗೆದು, ತಳದ ಹಾಲಿನಂಶವನ್ನು ಬಿಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ತುಪ್ಪವಾಗುವವರೆಗೆ ಕಾಯಿಸಬೇಡಿ, ಆ ಘಮ ಇಲ್ಲಿ ಹೊಂದುವುದಿಲ್ಲ. ಈ ತಿಳಿಯ 50 ಗ್ರಾಮನ್ನು 100 ಗ್ರಾಂ ಕರಗಿದ ಚಾಕೊಲೇಟಿಗೆ ಬೆರೆಸಿ, 35 ಡಿಗ್ರಿಯ ಆಸುಪಾಸಿಗೆ ಇಳಿದಾಗ ತಣ್ಣನೆಯ ಕೇಕ್ ಮೇಲೆ ಒಮ್ಮೆಗೇ ಸುರಿಯಿರಿ. ಪ್ಯಾಲೆಟ್ ನೈಫಿನಿಂದ ಒಂದೆರಡು ಎಳೆತ, ಅಷ್ಟಕ್ಕೇ ಕೈ ತೆಗೆಯಿರಿ. ತಣ್ಣನೆಯ ಬೆಣ್ಣೆ ತಾಗಿದ ಕ್ಷಣದಿಂದಲೇ ಅದು ಗಟ್ಟಿಯಾಗತೊಡಗುತ್ತದೆ; ಮತ್ತೆ ಸವರಿದರೆ ಗೀರು ಹಾಗೇ ಉಳಿಯುತ್ತದೆ.

ಹೊದಿಕೆ ಗಟ್ಟಿಯಾದ ಮೇಲೆ ಉದ್ದನೆಯ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ನಾಲ್ಕೂ ಅಂಚುಗಳಿಂದ ಒಂದು ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ. ಗೆರೆಗಳು ಕಾಣುವುದು ಆಗಲೇ. ಪ್ರತಿ ಕತ್ತರಿಕೆಗೂ ಚಾಕುವನ್ನು ಮತ್ತೆ ಅದ್ದಬೇಕು, ಮತ್ತೆ ಒರೆಸಬೇಕು. ಒಂಬತ್ತು ತುಂಡು ಚೆನ್ನಾಗಿ ಬರುತ್ತವೆ. ಮೇಲೆ ಚಾಕೊಲೇಟಿನಲ್ಲಿ ‘ಒಪೆರಾ’ ಎಂದು ಬರೆದು ಚಿನ್ನದ ರೇಕು ಅಂಟಿಸುವುದು ರೂಢಿ. ರೇಕಿಲ್ಲದಿದ್ದರೂ ಕೊರತೆಯೇನೂ ಇಲ್ಲ. ಬಡಿಸುವ ಅರ್ಧ ಗಂಟೆ ಮೊದಲು ಹೊರಗಿಡಿ, ಇಲ್ಲವಾದರೆ ಬೆಣ್ಣೆ ಗಟ್ಟಿಯಾಗಿಯೇ ಇದ್ದು ಕಾಫಿಯ ರುಚಿ ಹತ್ತುವುದಿಲ್ಲ. ಉಳಿದದ್ದು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಬೆಣ್ಣೆ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುವುದರಿಂದ ಬಿಗಿಯಾದ ಮುಚ್ಚಳದ ಡಬ್ಬಿಯಲ್ಲೇ ಇಡಿ.