ಇಲಿಯ ಕಣ್ಣಿಗೆ ರ್‍ಯಾಟ್ ಕಾರ್ನಿಯಾ: ನನ್ನ ಅನುಭವ

ಕಣ್ಣಿನ ಪ್ರಯೋಗಕ್ಕೆಂದು ಸೇರಿದವಳು ನಾನು. ಮೊದಲ ವರ್ಷ ಜಾಸ್ತಿ ಹೊತ್ತು ಕಳೆದದ್ದು ಮಾತ್ರ ಇಲಿಗಳ ಕಿವಿ ಅಳೆಯುವುದರಲ್ಲಿ. ಕೈಯಲ್ಲಿ ಮೈಕ್ರೋಮೀಟರ್, ಪಕ್ಕದಲ್ಲಿ ನೋಟ್‌ಬುಕ್. ನಿನ್ನೆ ರ್‍ಯಾಟ್ (ದೊಡ್ಡ ಜಾತಿಯ ಇಲಿ) ಜೀವಕೋಶ ಚುಚ್ಚಿದ ಕಿವಿ ಇವತ್ತು ಎಷ್ಟು ಊದಿದೆ? ಚೆನ್ನಾಗಿ ಊದಿದ್ದರೆ ಆ ಇಲಿಯ ಮೈ ಸಿಟ್ಟಾಗಿದೆ. ಊದಿಲ್ಲದಿದ್ದರೆ ಸಹಿಸಿಕೊಂಡಿದೆ.

ನಮ್ಮ ಕೆಲಸ ರ್‍ಯಾಟ್‌ನ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಪುಟ್ಟ ಇಲಿಯ (ಮೌಸ್) ಕಣ್ಣಿಗೆ ಕಸಿ ಮಾಡುವುದು. ಎರಡೂ ಬೇರೆ ಬೇರೆ ಪ್ರಾಣಿಗಳು. ಸುಮ್ನೆ ಹಾಕಿದರೆ ಕೆಲವೇ ವಾರಗಳಲ್ಲಿ ಬೆಳ್ಳಗಾಗಿಬಿಡುತ್ತದೆ. ಇದೆಲ್ಲ ಯಾಕೆ ಅಂತ ಮನೆಯವರು ಕೇಳಿದಾಗ ನಾನು ಪುನೀತ್ ರಾಜ್‌ಕುಮಾರ್ ನೆನಪು ಮಾಡಿದೆ. 2021ರಲ್ಲಿ ಅವರ ಎರಡು ಕಣ್ಣಿನ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ಹಾಗೆ ಬಿಡಿಸಿ ಹಂಚಿದರೂ ಸಾಲದಷ್ಟು ಜನ ಕಾಯುತ್ತಿದ್ದಾರೆ. ನಮ್ಮ ಇಲಿಗಳ ಹಾಗೆ, ಬೇರೆ ಪ್ರಾಣಿಯಾದ ಹಂದಿಯ ಕಾರ್ನಿಯಾ ಮನುಷ್ಯರಿಗೆ ಒಗ್ಗಿದರೆ ಆ ಸಾಲು ಕರಗುತ್ತದೆ.

ಕಾರ್ನಿಯಾದ ಹಿಂದೆ ನೀರು ತುಂಬಿದ ಸಣ್ಣ ಜಾಗವಿದೆ. ಅಲ್ಲಿಗೆ ಹೊರಗಿನ ಜೀವಕೋಶ ಹಾಕಿದರೆ ಸುದ್ದಿ ಗುಲ್ಮಕ್ಕೆ (ಹೊಟ್ಟೆಯ ಎಡಗಡೆ ಇರುವ ಅಂಗ, ಸ್ಪ್ಲೀನ್) ಹೋಗುತ್ತದೆ. ಗುಲ್ಮದಲ್ಲಿ ದಾಳಿಯನ್ನು ತಡೆಯುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ತಯಾರಾಗುತ್ತವೆ. ಗುಲ್ಮ ತೆಗೆದ ಇಲಿಯಲ್ಲಿ ಇದು ನಡೆಯುವುದೇ ಇಲ್ಲ. ಕಸಿಗೆ ಮೊದಲೇ ರ್‍ಯಾಟ್ ಜೀವಕೋಶಗಳನ್ನು ಅಲ್ಲಿಗೆ ಹಾಕಿ ಇಲಿಯ ಮೈಗೆ ರೂಢಿ ಮಾಡಿಸೋಣ ಅಂತ ಹೊರಟೆ.

ಹಾಕಬೇಕಾದದ್ದು ಎರಡೇ ಮೈಕ್ರೋಲೀಟರ್. ಸೂಜಿ ಹೊರಗೆ ಎಳೆದ ತಕ್ಷಣ ಹಾಕಿದ್ದೆಲ್ಲ ಸೋರಿ ರೆಪ್ಪೆಯ ಮೇಲೆ ಹೊಳೆಯುತ್ತಿತ್ತು. ಕೊನೆಗೆ ಜೀವಕೋಶದ ಹಿಂದೆಯೇ ಒಂದು ಪುಟ್ಟ ಗಾಳಿಗುಳ್ಳೆ ಬಿಟ್ಟು, ಅದು ತೂತಿಗೆ ಅಡ್ಡ ನಿಂತ ಮೇಲೆ ಸೂಜಿ ತೆಗೆಯುವುದನ್ನು ಕಲಿತೆ. ಕಿವಿಗಳು ಊದಲಿಲ್ಲ. ಖುಷಿಯಿಂದ, ಅದೇ ರೀತಿ ಸಿದ್ಧ ಮಾಡಿದ ಹೊಸ ಇಲಿಗಳಿಗೆ ಕಸಿ ಮಾಡಿದೆ.

ಆದರೂ ಹನ್ನೆರಡನೇ ದಿನ ಒಂದು ಇಲಿಯ ಕಾರ್ನಿಯಾ ಮಂಜಾಯಿತು. ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪ್‌ನಲ್ಲಿ ಬಹಳ ಹೊತ್ತು ನೋಡಿದೆ. ಎಂಟು ಹೊಲಿಗೆಗಳಲ್ಲಿ ಏಳು ಶುದ್ಧವಾಗಿದ್ದವು. ಎಂಟನೆಯದರ ಗಂಟು ಸಡಿಲ. ಅದರ ಸುತ್ತ ಲೋಳೆ. ಅಂಚಿನಿಂದ ಕೆಂಪು ದಾರದಂಥ ರಕ್ತನಾಳಗಳು ನೇರ ಆ ಗಂಟಿಗೇ ಹರಿದು ಬಂದಿದ್ದವು. ಕಾರ್ನಿಯಾಗೆ ರಕ್ತನಾಳ ಇಲ್ಲದಿರುವುದೇ ಅದರ ರಕ್ಷಣೆ. ನನ್ನ ಗಂಟು ಅಲ್ಲಿಗೆ ರಸ್ತೆ ಹಾಕಿಕೊಟ್ಟಿತ್ತು. ಉರಿಯೂತ ಇರುವ ಕಣ್ಣಿನಲ್ಲಿ ಆ ಸಹನೆ ನಿಲ್ಲುವುದಿಲ್ಲ. ಕಿವಿ ಅಳತೆ ನನಗೆ ಇದನ್ನು ಹೇಳಿರಲಿಲ್ಲ.

ಅಲ್ಲಿಂದ ಕೈಕೆಲಸಕ್ಕೇ ಗಮನ ಕೊಟ್ಟೆ. 11-0 ಅಳತೆಯ ಅತಿ ತೆಳು ನೈಲಾನ್ ದಾರ, ಗಂಟಿನ ಬಾಲ ಚಿಕ್ಕದು, ಏಳನೇ ದಿನ ಎಲ್ಲ ಹೊಲಿಗೆ ತೆಗೆಯುವುದು. ಐರಿಸ್ (ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ) ಕಾರ್ನಿಯಾಗೆ ಅಂಟಿಕೊಂಡ ಕಣ್ಣನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇದರ ಜೊತೆ, ಟಿ ಕೋಶದ ಮೇಲಿರುವ ಸಿಡಿ154 ಎಂಬ ಪ್ರೋಟೀನನ್ನು ತಡೆಯುವ ಆಂಟಿಬಾಡಿ ಕೊಟ್ಟೆವು. ಟಿ ಕೋಶಕ್ಕೆ ಎರಡನೇ ಸೂಚನೆ ಸಿಗದ ಹಾಗೆ ಅದು ಮಾಡುತ್ತದೆ. ದಕ್ಷಿಣ ಕೊರಿಯಾದ ತಂಡವೊಂದು ಇದೇ ದಾರಿ ತಡೆದು ಕೋತಿಗಳಲ್ಲಿ ಹಂದಿಯ ಕಾರ್ನಿಯಾವನ್ನು ಬಹುಕಾಲ ಉಳಿಸಿದ್ದನ್ನು 2015ರಲ್ಲಿ ಪ್ರಕಟಿಸಿತ್ತು. ಮನುಷ್ಯರಲ್ಲಿ ಸಿಡಿ154 ಆಂಟಿಬಾಡಿ ರಕ್ತ ಹೆಪ್ಪುಗಟ್ಟಿಸಿದ್ದರಿಂದ ಆಮೇಲೆ ಅದರ ಜೋಡಿ ಪ್ರೋಟೀನಾದ ಸಿಡಿ40 ತಡೆಯುವ ಕಡೆಗೆ ಗಮನ ಹರಿಯಿತು. ಅದು ಸರಿಯಾದ ದಾರಿ ಅಂತಲೇ ನನ್ನ ಅಭಿಪ್ರಾಯ.

ಔಷಧಿ ಇರುವಾಗ ಕಸಿ ಉಳಿದರೆ ಅದನ್ನು ಸಹನೆ ಅನ್ನಲಾಗದು, ಅಲ್ವಾ? ಹಾಗಾಗಿ ನಿಲ್ಲಿಸಿದೆವು. ಕೆಲವು ಮಂಜಾದವು. ಕೆಲವು ಉಳಿದವು. ಎಂಟನೇ ವಾರ ಅಂಥ ಒಂದು ಇಲಿಯನ್ನು ದೀಪದ ಮುಂದೆ ಹಿಡಿದಾಗ ರ್‍ಯಾಟ್ ಕಾರ್ನಿಯಾದ ಮೂಲಕ ಇಲಿಯ ಐರಿಸ್‌ನ ಸಣ್ಣ ನಾಳಗಳೆಲ್ಲ ಕಂಡವು. ಆಮೇಲಷ್ಟೇ ಅದರ ಕಿವಿಗೆ ರ್‍ಯಾಟ್ ಜೀವಕೋಶ ಚುಚ್ಚಿದೆ. ಆ ಪರೀಕ್ಷೆಯೇ ಮೈಯನ್ನು ಕೆರಳಿಸಬಹುದೆಂದು ಕೊನೆಗೆ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಎರಡೂ ಕಿವಿ ಅಳೆದೆ. ವ್ಯತ್ಯಾಸ ಹೆಚ್ಚುಕಮ್ಮಿ ಇರಲೇ ಇಲ್ಲ. ನಂಬಿಕೆ ಬಾರದೆ ಮತ್ತೊಮ್ಮೆ ಅಳೆದೆ.